ದೇವರ ಎತ್ತಿನ ಹೆಸರಿನಲ್ಲಿ ಗಾದೆಪ್ಪನ ರಕ್ತ

ಕಡಿಮೆ ಅಧ್ಯಯನವಾದ ಪ್ರಾಣಿಗಳ ಜೀನೋಮ್ ಯೋಜನೆಯ ನಿರ್ದೇಶಕರ ಸನ್ನಿಧಾನಕ್ಕೆ,

ಮಾನ್ಯರೇ, ಕೂಡ್ಲಿಗಿ ತಾಲ್ಲೂಕಿನ ದೇವರ ದನಗಳನ್ನು ನಿಮ್ಮ ಪಟ್ಟಿಯಿಂದ ಕೈಬಿಟ್ಟಿರುವುದಾಗಿ ಸೆಪ್ಟೆಂಬರ್ ಹದಿನಾಲ್ಕರಂದು ಪತ್ರ ಬರೆದಿದ್ದೀರಿ. ಅದಕ್ಕೆ ಕೊಟ್ಟ ಕಾರಣ ಎರಡೇ ಸಾಲು. ಮೂರು ಎತ್ತುಗಳದ್ದೆಂದು ಬಂದ ಮೂರು ರಕ್ತದ ಮಾದರಿಗಳು ದನದ್ದಲ್ಲ, ಮೂರೂ ಒಬ್ಬನೇ ಗಂಡಸಿನವು ಎಂಬುದು ಮೊದಲನೆಯದು. ಮಾದರಿ ಕಳಿಸಿದ ಉಪನ್ಯಾಸಕರೇ ಬರೆದುಕೊಟ್ಟಿರುವಂತೆ ಇದು ದನ ಕಾಯುವವನು ಬೇಕೆಂದೇ ಮಾಡಿದ ಮೋಸ ಎಂಬುದು ಎರಡನೆಯದು. ಮೊದಲ ಸಾಲು ನೂರಕ್ಕೆ ನೂರು ನಿಜ. ನಿಮ್ಮ ಯಂತ್ರಕ್ಕೆ ನಮಸ್ಕಾರ. ಎರಡನೆಯ ಸಾಲು ಸುಳ್ಳು. ಆ ಸುಳ್ಳನ್ನು ಬರೆದವನು ನಾನೇ, ಈ ಕೆಳಗೆ ಸಹಿ ಹಾಕಲಿರುವ ಮಹಾನುಭಾವ.

ಗುಟ್ಟಾಗಿ ಬರೆದ ಸುಳ್ಳನ್ನು ಗುಟ್ಟಾಗಿಯೇ ಹಿಂದಕ್ಕೆ ಪಡೆಯಬಹುದಿತ್ತಲ್ಲ, ಬಹಿರಂಗ ಪತ್ರವಾಗಿ ಪತ್ರಿಕೆಗೆ ಯಾಕೆ ಏರಿಸಿದಿರಿ ಎಂದು ನೀವು ಕೇಳಬಹುದು. ಗುಟ್ಟಾಗಿ ಎರಡು ಸಲ ಹಿಂದಕ್ಕೆ ಪಡೆದೆ ಸ್ವಾಮಿ, ಎರಡೂ ಸಲ ರಿಜಿಸ್ಟರ್ ಪೋಸ್ಟಿನಲ್ಲಿ. ಮೊದಲನೆಯದಕ್ಕೆ ‘ಕಡತ ಮುಕ್ತಾಯಗೊಂಡಿದೆ’ ಎಂಬ ಉತ್ತರ ಬಂತು. ಎರಡನೆಯದಕ್ಕೆ ಅದೂ ಬರಲಿಲ್ಲ. ಸುಳ್ಳು ಬರೆದಾಗ ಮಾತ್ರ ಒಂದೇ ವಾರದಲ್ಲಿ ‘ತಮ್ಮ ಸಹಕಾರಕ್ಕೆ ಧನ್ಯವಾದಗಳು’ ಎಂದು ಮೊಹರು ಹಾಕಿದ ಕಾಗದ ಬಂದಿತ್ತು. ಸುಳ್ಳಿಗೆ ತೆರೆದುಕೊಂಡ ಕಡತ ಸತ್ಯ ಬಂದ ಕೂಡಲೇ ಮುಚ್ಚಿಕೊಳ್ಳುವುದು ಯಾವ ಜಾತಿಯ ನಡವಳಿಕೆಯೋ, ಪ್ರಾಣಿಶಾಸ್ತ್ರ ಓದಿದ ನನಗೂ ತಿಳಿಯಲಿಲ್ಲ.

ನಿಮ್ಮ ಕಾಗದ ನನ್ನ ಮಾನ ತೆಗೆದು ಸುಮ್ಮನಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ನನ್ನ ಮಾನ ಅಷ್ಟೇನೂ ದುಬಾರಿಯದಲ್ಲ. ಆದರೆ ಅದರ ಒಂದು ಪ್ರತಿ, ಈ ದನಗಳು ಮೇಯುವ ಕಾವಲಿನ ಹಣೆಬರಹ ಬರೆಯುವ ಇನ್ನೊಂದು ಕಚೇರಿಗೂ ಹೋಗಿದೆ. ಆ ಮುನ್ನೂರು ಚಿಲ್ಲರೆ ಎಕರೆ ಹುಲ್ಲುಗಾವಲಿನಲ್ಲಿ ಡೀಸೆಲ್ ಕೊಡುವ ಗಿಡ ಹಚ್ಚಬೇಕೆಂಬ ಯೋಜನೆಯೊಂದು ಎರಡು ವರ್ಷದಿಂದ ಕಾದು ಕೂತಿದೆ. ಅಲ್ಲಿ ಮೇಯುತ್ತಿರುವುದು ಅಪರೂಪದ ತಳಿ ಎಂದು ನಿಮ್ಮ ಪಟ್ಟಿ ಹೇಳಿದರೆ ಕಾವಲು ದನಕ್ಕೆ ಉಳಿಯುತ್ತದೆ. ಅಂಥ ತಳಿಯೇ ದೃಢಪಟ್ಟಿಲ್ಲ ಎಂದರೆ ದನ ಹೊರಗೆ, ಗಿಡ ಒಳಗೆ. ಇದೇ ಅಕ್ಟೋಬರ್ ಇಪ್ಪತ್ತೊಂಬತ್ತರಂದು ಅದರ ವಿಚಾರಣೆ. ಈಗ ನಿಮ್ಮ ಕಾಗದದ ಪ್ರಕಾರ ಅಲ್ಲಿ ನೂರಾ ನಲವತ್ತು ದನಗಳಿಲ್ಲ, ಒಬ್ಬ ಮೋಸಗಾರ ಮಾತ್ರ ಇದ್ದಾನೆ.

ದೇವರ ದನ ಎಂದರೇನೆಂದು ನಿಮಗೆ ತಿಳಿದಿದೆ ಎಂದುಕೊಂಡು ನಾನು ಅರ್ಜಿಯಲ್ಲಿ ವಿವರಿಸಿರಲಿಲ್ಲ. ನನಗೆ ತಿಳಿದಿದೆ ಎಂದುಕೊಂಡಿದ್ದೂ ಸುಳ್ಳೇ ಆಯಿತು, ಇರಲಿ. ಕೂಡ್ಲಿಗಿ ಸೀಮೆಯ ಮ್ಯಾಸ ನಾಯಕ ಸಮುದಾಯದ ಹಟ್ಟಿಗಳಲ್ಲಿ ದೇವರಿಗೆ ಬಿಟ್ಟ ದನಗಳ ಹಿಂಡುಗಳಿವೆ. ಇವನ್ನು ಮಾರುವುದಿಲ್ಲ, ನೊಗಕ್ಕೆ ಕಟ್ಟುವುದಿಲ್ಲ. ಸತ್ತರೆ ಮನೆಯ ಹಿರಿಯರಂತೆ ಮಣ್ಣು ಮಾಡುತ್ತಾರೆ. ಮುಳ್ಳುಬೇಲಿಯ ದೊಡ್ಡಿಗೆ ರೊಪ್ಪ ಎನ್ನುತ್ತಾರೆ, ನೋಡಿಕೊಳ್ಳುವವನು ಕಿಲಾರಿ. ನಾನು ಹೇಳುತ್ತಿರುವ ರೊಪ್ಪದ ಕಿಲಾರಿಯ ಹೆಸರು ಗಾದೆಪ್ಪ. ಐವತ್ತರ ಆಸುಪಾಸಿನವನು, ಹೆಚ್ಚು ಮಾತಿಲ್ಲ. ಅವನ ಅಪ್ಪನೂ ಅಜ್ಜನೂ ಅದೇ ರೊಪ್ಪದಲ್ಲಿ ಕಿಲಾರಿಗಳಾಗಿದ್ದವರು. ಎಷ್ಟೋ ತಲೆಮಾರಿನಿಂದ ಹೊರಗಿನ ಹೋರಿ ಆ ಹಿಂಡಿಗೆ ಕಾಲಿಟ್ಟಿಲ್ಲವಂತೆ. ಇದನ್ನು ಕೇಳಿದಾಗ ನನ್ನಂಥ ಪ್ರಾಣಿಶಾಸ್ತ್ರದವನ ಬಾಯಲ್ಲಿ ನೀರೂರಿದ್ದು ಸಹಜ.

ಇನ್ನು ನನ್ನ ಪರಿಚಯ. ಕೊಟ್ಟೂರಿನ ಕಾಲೇಜೊಂದರಲ್ಲಿ ಇಪ್ಪತ್ನಾಲ್ಕು ವರ್ಷದಿಂದ ಪ್ರಾಣಿಶಾಸ್ತ್ರ ಹೇಳುತ್ತಿದ್ದೇನೆ. ಡಿಎನ್‌ಎಯ ಮಾದರಿಯನ್ನು ಸೈಕಲ್ ಕಡ್ಡಿ ಮತ್ತು ಒಡೆದ ಬಳೆ ಚೂರುಗಳಿಂದ ಮಾಡಿ, ಮೇಜಿನ ಮೇಲೆ ನಿಲ್ಲಿಸಿ, ‘ಇದೇ ಜೀವದ ಗುಟ್ಟು’ ಎಂದು ಪ್ರತಿ ಜುಲೈ ತಿಂಗಳು ಘೋಷಿಸುತ್ತೇನೆ. ಅದು ಪ್ರತಿ ಆಗಸ್ಟಿನಲ್ಲಿ ಬೀಳುತ್ತದೆ. ಕಾಲೇಜಿನಲ್ಲಿ ಮೂರು ಸೂಕ್ಷ್ಮದರ್ಶಕಗಳಿವೆ. ಒಂದರ ಮಸೂರಕ್ಕೆ ಬೂಷ್ಟು ಹಿಡಿದಿದೆ, ಎರಡನೆಯದಕ್ಕೆ ಕನ್ನಡಿ ಇಲ್ಲ, ಮೂರನೆಯದು ಪ್ರಾಂಶುಪಾಲರ ಕೋಣೆಯ ಗಾಜಿನ ಬೀರುವಿನಲ್ಲಿ ಅತಿಥಿಗಳಿಗೆ ಕಾಣುವಂತೆ ಇದೆ. ಇಂಥ ನನಗೆ ಕಳೆದ ವರ್ಷ ನಿಮ್ಮ ಯೋಜನೆಯ ಪ್ರಕಟಣೆ ಕಣ್ಣಿಗೆ ಬಿತ್ತು. ಡಿಎನ್‌ಎಯನ್ನು ಕೋಟಿಗಟ್ಟಲೆ ಚೂರು ಮಾಡಿ, ಎಲ್ಲ ಚೂರುಗಳನ್ನೂ ಏಕಕಾಲಕ್ಕೆ ಓದಿ, ಕಂಪ್ಯೂಟರಿನಲ್ಲಿ ಮತ್ತೆ ಜೋಡಿಸುವ ಹೊಸ ಯಂತ್ರಗಳು ಬಂದಿವೆ. ಇಷ್ಟು ದಿನ ಇಲಿ, ನೊಣ, ಮನುಷ್ಯ ಎಂದು ನಾಲ್ಕಾರು ಪ್ರಾಣಿಗಳ ಜೀನೋಮನ್ನೇ ಓದುತ್ತಿದ್ದೆವು, ಇನ್ನು ಮುಂದೆ ಯಾರೂ ಕೇಳದ, ಯಾರೂ ನೋಡದ ಪ್ರಾಣಿಗಳದ್ದನ್ನೂ ಓದುತ್ತೇವೆ, ಊರೂರಿನವರು ಮಾದರಿ ಕಳಿಸಿ ಎಂದು ಬರೆದಿದ್ದಿರಿ. ‘ಯಾರೂ ಕೇಳದ, ಯಾರೂ ನೋಡದ’ ಎಂಬಲ್ಲಿಗೆ ಬಂದಾಗ ನನ್ನನ್ನೇ ಕರೆದಂತಾಯಿತು. ಅವತ್ತು ಸಂಜೆಯೇ ಅರ್ಜಿ ತುಂಬಿದೆ.

ನಿಮ್ಮ ನಮೂನೆಯಲ್ಲಿ ‘ಕತ್ತಿನ ರಕ್ತನಾಳದಿಂದ ತೆಗೆದ ರಕ್ತ, ಪ್ರಾಣಿಯೊಂದಕ್ಕೆ ಐದು ಮಿಲಿಲೀಟರ್’ ಎಂದು ದಪ್ಪಕ್ಷರದಲ್ಲಿತ್ತು. ರಕ್ತವೇ ಯಾಕೆ, ಬೇರೆ ಏನಾದರೂ ಆದೀತೇ ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಮೈಯ ಪ್ರತಿ ಜೀವಕೋಶದಲ್ಲೂ ಇಡೀ ಜೀನೋಮ್ ಇರುತ್ತದೆ, ಕೂದಲಿನ ಬುಡದಲ್ಲೂ ಇರುತ್ತದೆ ಎಂದು ಹುಡುಗರಿಗೆ ಇಪ್ಪತ್ನಾಲ್ಕು ಸಲ ಹೇಳಿದ್ದೇನೆ. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಕೇಳಿದ್ದೂ ಉಂಟು. ಆದರೆ ಸರ್ಕಾರಿ ನಮೂನೆ ರಕ್ತ ಎಂದರೆ ರಕ್ತ. ನಮೂನೆಯ ಮುಂದೆ ಕೂತಾಗ ನನ್ನೊಳಗಿನ ಮೇಷ್ಟ್ರು ಎದ್ದು ಹೋಗಿ ಗುಮಾಸ್ತ ಬಂದು ಕೂರುತ್ತಾನೆ.

ಫೆಬ್ರುವರಿಯ ಒಂದು ಬೆಳಿಗ್ಗೆ ರೊಪ್ಪಕ್ಕೆ ಹೋದೆ. ರಕ್ತ ತೆಗೆಯಬೇಕಿದ್ದವರು ನಾಗೇಂದ್ರಪ್ಪ, ದನದ ದವಾಖಾನೆಯ ಕಂಪೌಂಡರ್. ಅವರು ಕಾನಹೊಸಹಳ್ಳಿಯ ಲಸಿಕೆ ಶಿಬಿರದಲ್ಲಿ ಸಿಕ್ಕಿಹಾಕಿಕೊಂಡು, ನೇರಳೆ ಮುಚ್ಚಳದ ಮೂರು ಕೊಳವೆಗಳನ್ನೂ ಒಂದು ಸಿರಿಂಜನ್ನೂ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈಗೆ ಕೊಟ್ಟು, “ಹೆದರಬ್ಯಾಡ್ರಿ ಸಾರ್, ಕತ್ತಿನಾಗ ನರ ಹೆಬ್ಬಟ್ಟಿನಷ್ಟು ದಪ್ಪ ಇರ್ತೈತಿ, ಕುರುಡ್ರಿಗೂ ಸಿಗ್ತೈತಿ” ಎಂದು ಧೈರ್ಯ ಹೇಳಿ ಹೋದರು. ಇಪ್ಪತ್ನಾಲ್ಕು ವರ್ಷದಲ್ಲಿ ನಾನು ಕೈಯಾರೆ ಮುಟ್ಟಿದ ಅತಿ ದೊಡ್ಡ ಜೀವಂತ ಪ್ರಾಣಿ ಕಪ್ಪೆ. ಅದನ್ನೂ ಮೂರ್ಛೆ ಹೋಗಿಸಿದ ಮೇಲೆ ಮುಟ್ಟಿದ್ದು. ರೊಪ್ಪದ ಬೇಲಿಯಾಚೆ ನಿಂತಿದ್ದ ಎತ್ತಿನ ಕೊಂಬನ್ನು ನೋಡಿದ ಕೂಡಲೇ ನನ್ನ ಜ್ಞಾನವೆಲ್ಲ ಕಾಲಿಗೆ ಇಳಿಯಿತು.

ಗಾದೆಪ್ಪ ಬೇಲಿಯ ಬಾಯಲ್ಲೇ ತಡೆದ. “ಚರ್ಮದ್ದು ಏನೂ ಒಳಗ ತರಂಗಿಲ್ರಿ ಸಾರ್. ಮೆಟ್ಟು ಬಿಡ್ರಿ, ಬೆಲ್ಟು ಬಿಚ್ರಿ.” ಮೆಟ್ಟು ಬಿಟ್ಟೆ. ಬೆಲ್ಟು ಬಿಚ್ಚಿದೆ. ಕೈಗಡಿಯಾರದ ಪಟ್ಟಿಯೂ ಚರ್ಮದ್ದೇ, ಹಣದ ಚೀಲವೂ ಚರ್ಮದ್ದೇ. ಎಲ್ಲವನ್ನೂ ಬೇಲಿಗೆ ನೇತುಹಾಕಿ ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದು ಕೈಯಲ್ಲಿ ಸಿರಿಂಜು ಹಿಡಿದು ನಾಲ್ಕು ಹೆಜ್ಜೆ ಇಟ್ಟೆ. ಐದನೆಯ ಹೆಜ್ಜೆಗೆ ಜಾಲಿಮುಳ್ಳು ಹಿಮ್ಮಡಿ ಹೊಕ್ಕಿತು. ಇಪ್ಪತ್ತೊಂದನೆಯ ಶತಮಾನದ ವಿಜ್ಞಾನ ಹೀಗೆ ಒಂಟಿಕಾಲಲ್ಲಿ ಕುಣಿಯುತ್ತಾ ಹೊರಗೆ ಬಂದು ಬಂಡೆಯ ಮೇಲೆ ಕೂತಿತು.

ಅಲ್ಲಿಂದಲೇ ನಾನು ಗಾದೆಪ್ಪನಿಗೆ ಕೆಲಸ ವಿವರಿಸಿದೆ. ಮೂರು ಎತ್ತು, ಮೂರು ಕೊಳವೆ, ಗೆರೆಯವರೆಗೂ ರಕ್ತ. ಬೆಂಗಳೂರಿನಲ್ಲಿ ಓದುತ್ತಾರೆ, ಓದಿದರೆ ನಿಮ್ಮ ದನದ ಹೆಸರು ಪಟ್ಟಿಗೆ ಬರುತ್ತದೆ, ಪಟ್ಟಿಗೆ ಬಂದರೆ ಕಾವಲು ಉಳಿಯುತ್ತದೆ. ಅವನು ಬೇಲಿಯೊಳಗಿನ ಎತ್ತುಗಳ ಕಡೆ ಒಮ್ಮೆ ತಿರುಗಿ ನೋಡಿದ. ಆಮೇಲೆ, “ರಕ್ತನಾ ಬೇಕೇನ್ರಿ?” ಎಂದು ಕೇಳಿದ. “ರಕ್ತವೇ ಬೇಕಪ್ಪಾ, ಬರೆದಿದ್ದಾರೆ” ಎಂದು ನಮೂನೆ ತೋರಿಸಿದೆ. ಅವನಿಗೆ ಓದು ಬಾರದು ಎಂದು ಗೊತ್ತಿದ್ದೂ ತೋರಿಸಿದೆ. ಅವನು ಕೈಚಾಚಿ, “ಸೂಜಿ ನಿಮ್ಹತ್ರಾನ ಇರ್ಲಿ. ಸೀಸೆ ಕೊಡ್ರಿ, ತುಂಬಿಕೊಂಡು ಬರ್ತೀನಿ” ಎಂದ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕೊಳವೆಗಳನ್ನು ಕೊಟ್ಟು ಮುಳ್ಳು ಕೀಳುತ್ತಾ ಕೂತೆ.

ಅರ್ಧ ಗಂಟೆಯಲ್ಲಿ ಬಂದ. ಮೂರೂ ಕೊಳವೆ ಗೆರೆಯ ಮಟ್ಟಕ್ಕೆ ತುಂಬಿದ್ದವು. ಎಡಗೈಗೆ ಟವೆಲ್ಲಿನ ಚೂರು ಸುತ್ತಿಕೊಂಡಿದ್ದ. “ಯಾವುದು ಯಾವ ಎತ್ತಿಂದಪ್ಪಾ?” ಎಂದರೆ, “ಯಾವುದರ ಮ್ಯಾಲೆ ಯಾವುದಾರ ಬರೀರಿ. ಎಲ್ಲಾ ಒಂದ” ಎಂದ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ದಿನ ನಾನು ಬರೆದದ್ದು ಇಲ್ಲಿದೆ, ಯಥಾವತ್ತು: ‘ಮಾದರಿ ಸಂಗ್ರಹಿಸುವಾಗ ಎತ್ತು ಹಾಯ್ದು ಕಿಲಾರಿಯ ಎಡಗೈಗೆ ಸಣ್ಣ ಗಾಯ. ಎಲ್ಲ ಜೀವಿಗಳೂ ಒಂದೇ ಎಂಬ ಜಾನಪದ ದೃಷ್ಟಿ ಇವರಲ್ಲಿ ಇನ್ನೂ ಜೀವಂತವಾಗಿದೆ.’ ಇದನ್ನು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಓದಿದಾಗಲೆಲ್ಲ ಎಲ್ಲಾದರೂ ಬಾವಿ ನೋಡಿಕೊಳ್ಳಬೇಕು ಎನಿಸುತ್ತದೆ.

ಕೊಳವೆಗಳನ್ನು ಐಸ್‌ಕ್ಯಾಂಡಿ ಅಂಗಡಿಯ ಮಂಜುಗಡ್ಡೆ ತುಂಬಿದ ಥರ್ಮೋಕೋಲ್ ಡಬ್ಬಿಯಲ್ಲಿಟ್ಟು, ಬೆಂಗಳೂರಿನವರೆಗೂ ತೊಡೆಯ ಮೇಲೆ ಹೊತ್ತು ತಂದು, ನಿಮ್ಮ ಕಚೇರಿಯ ಕಿಟಕಿಯಲ್ಲಿ ಒಪ್ಪಿಸಿದೆ. ಪಕ್ಕದ ಸೀಟಿನವರು ಏನ್ರಿ ಅದು ಎಂದಾಗ ‘ದೇವರ ಎತ್ತಿನ ರಕ್ತ’ ಎಂದುಬಿಟ್ಟೆ. ಚಿತ್ರದುರ್ಗದಿಂದ ಮುಂದೆ ಇಡೀ ಸೀಟು ನನ್ನದೇ ಆಯಿತು. ಏಪ್ರಿಲ್‌ನಲ್ಲಿ ಅಮೆರಿಕದ ಹಸುವೊಂದರ ಜೀನೋಮನ್ನು ಪೂರ್ತಿ ಓದಿ ಮುಗಿಸಿದ ಸುದ್ದಿ ಬಂತು. ನಾನು ತಡೆಯಲಾರದೆ ಜಿಲ್ಲೆಯ ಪತ್ರಿಕೆಗೆ ಅರ್ಧ ಪುಟದ ಲೇಖನ ಬರೆದೆ: ಅಮೆರಿಕದ ಹಸು ಆಯಿತು, ಇನ್ನು ಕೂಡ್ಲಿಗಿಯ ಎತ್ತು ಎಂದು. ನನ್ನ ಫೋಟೋ ಎತ್ತಿನ ಫೋಟೋಗಿಂತ ದೊಡ್ಡದಾಗಿ ಬಂತು. ಕಾಲೇಜಿನಲ್ಲಿ ಶಾಲು ಹೊದಿಸಿದರು. ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಕಾಲೇಜುಗಳಿಗೆ ಉಪನ್ಯಾಸಕ್ಕೆ ಕರೆದರು. ಹೋದಲ್ಲೆಲ್ಲ ಒಂದೊಂದು ಶಾಲು. ಯಂತ್ರ ಇನ್ನೂ ಒಂದಕ್ಷರ ಓದಿರಲಿಲ್ಲ, ನನ್ನ ಮನೆಯಲ್ಲಿ ಆಗಲೇ ನಾಲ್ಕು ಶಾಲಿದ್ದವು.

ಜುಲೈನಲ್ಲಿ ನಿಮ್ಮ ವರದಿ ಬಂತು. ಮೊದಲ ಸುತ್ತಿನ ಓದಿನಲ್ಲೇ ಲಕ್ಷಾಂತರ ಚೂರುಗಳು ಮನುಷ್ಯನ ಜೀನೋಮಿಗೆ ಹೊಂದಿವೆ, ದನದ ಜೀನೋಮಿಗೆ ಹೊಂದಿಲ್ಲ. ಮೂರೂ ಕೊಳವೆ ಒಬ್ಬನದೇ. ಗಂಡಸು. ಏಳು ದಿನದಲ್ಲಿ ವಿವರಣೆ ಕೊಡತಕ್ಕದ್ದು, ತಪ್ಪಿಗೆ ಹೊಣೆಯಾದವರ ಹೆಸರು ನಮೂದಿಸತಕ್ಕದ್ದು. ನಾನು ವರದಿಯನ್ನು ಮೂರು ಸಲ ಓದಿ, ಯಂತ್ರದಲ್ಲಿ ಏನೋ ದೋಷವಿದೆ ಎಂದು ಹೆಂಡತಿ ಗೀತಮ್ಮನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು, ತಲೆ ಎತ್ತಲಿಲ್ಲ.

“ಕೋಟಿ ಚೂರು ಓದೋ ಮಷೀನು ತಪ್ಪು ಹೇಳ್ತೈತಿ, ನೀವು ಮುಳ್ಳು ಚುಚ್ಚಿಸ್ಕೊಂಡು ಬಂಡೆ ಮ್ಯಾಲೆ ಕುಂತು ನೋಡಿದ್ದು ಖರೆ ಅಂತೀರಿ. ದನದ ರಕ್ತ ಯಾವುದು, ಮನುಷ್ಯಾರ ರಕ್ತ ಯಾವುದು ಗೊತ್ತಾಗಂಗಿಲ್ಲ ಅಂದ್ರ ಇಷ್ಟು ವರ್ಷ ಆ ಹುಡುಗ್ರಿಗೆ ಏನ್ ಹೇಳಿಕೊಟ್ರಿ?”

ಮುಖಕ್ಕೆ ಮಂಗಳಾರತಿ ಎನ್ನುವುದು ಇದಕ್ಕೇ ಇರಬೇಕು. ಮನುಷ್ಯನ ರಕ್ತಕಣ ದನದ ರಕ್ತಕಣಕ್ಕಿಂತ ದೊಡ್ಡದು, ಒಂದು ಹನಿಯನ್ನು ಗಾಜಿನ ಮೇಲೆ ಹರಡಿ ನೋಡಿದ್ದರೆ ಅಂದೇ ತಿಳಿಯುತ್ತಿತ್ತು. ಅದಕ್ಕೆ ಪ್ರಾಂಶುಪಾಲರ ಬೀರುವಿನ ಬೀಗ ತೆಗೆಸಬೇಕಿತ್ತು, ಅಷ್ಟೆ. ತೆಗೆಸಲಿಲ್ಲ.

ಇಲ್ಲಿಯವರೆಗೆ ನನ್ನದು ದಡ್ಡತನ. ದಡ್ಡತನಕ್ಕೆ ನಗಬಹುದು, ನಾನೂ ನಗುತ್ತಿದ್ದೇನೆ. ಮುಂದಿನದಕ್ಕೆ ನಗು ಬರುವುದಿಲ್ಲ. ಆ ಏಳು ದಿನದಲ್ಲಿ ನಾನು ರೊಪ್ಪಕ್ಕೆ ಹೋಗಿ ಗಾದೆಪ್ಪನನ್ನು ಏನಾಯಿತೆಂದು ಕೇಳಬಹುದಿತ್ತು. ಕೊಟ್ಟೂರಿನಿಂದ ಒಂದು ಬಸ್ಸು, ಆಮೇಲೆ ಎರಡು ಮೈಲಿ ನಡಿಗೆ. ನಾನು ಹೋಗಲಿಲ್ಲ. ಶಾಲುಗಳ ಮಾನ ಉಳಿಸಬೇಕಿತ್ತು. ‘ಕಿಲಾರಿಯು ಬೇಕೆಂದೇ ಮಾದರಿಯನ್ನು ಬದಲಿಸಿ ಮೋಸ ಮಾಡಿರುತ್ತಾನೆ. ಇದರಲ್ಲಿ ನನ್ನ ಪಾತ್ರವಿರುವುದಿಲ್ಲ’ ಎಂದು ಚೆಂದದ ಅಕ್ಷರದಲ್ಲಿ ಬರೆದು, ಹೊಣೆಯಾದವರ ಹೆಸರಿನ ಮುಂದೆ ‘ಗಾದೆಪ್ಪ’ ಎಂದು ತುಂಬಿ, ಅಂಚೆಗೆ ಹಾಕಿ, ಬರುವಾಗ ಮಂಡಕ್ಕಿ ಮಿರ್ಚಿ ತಿಂದು ಬಂದೆ. ರುಚಿಯಾಗಿಯೇ ಇತ್ತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಸೆಪ್ಟೆಂಬರ್ ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಗಾದೆಪ್ಪ ನಮ್ಮ ಮನೆ ಬಾಗಿಲಿಗೆ ಬಂದ. ಕೈಯಲ್ಲಿ ನಿಮ್ಮ ಪತ್ರದ ಪ್ರತಿ ಮತ್ತು ವಿಚಾರಣೆಯ ನೋಟೀಸು. ಊರಲ್ಲಿ ಓದುವವರು ಇಲ್ಲವೆಂದಲ್ಲ. ಇದು ಮೇಷ್ಟ್ರು ಹಿಡಿದ ಕೆಲಸ, ಅವರೇ ಓದಿದರೆ ಸರಿಯಾಗಿ ತಿಳಿಯುತ್ತದೆ ಎಂದು ಆ ಇಡೀ ತಾಲ್ಲೂಕಿನಲ್ಲಿ ನನ್ನನ್ನೇ ಆರಿಸಿಕೊಂಡು ಬಂದಿದ್ದ. “ಏನೋ ಬಂದೈತ್ರಿ ಸಾರ್. ಪಟ್ಟಿಗೆ ಹತ್ತಿತೇನು ನೋಡ್ರಿ” ಎಂದು ಕಟ್ಟೆಯ ಮೇಲೆ ಕೂತ. ಗೀತಮ್ಮ ಚಹಾ ತಂದುಕೊಟ್ಟಳು.

ನಾನು ಓದಿದೆ. ಮೊದಲ ಸಾಲು ಓದಿದೆ. ಎರಡನೆಯ ಸಾಲನ್ನು ಸದ್ದಿಲ್ಲದೆ ಹಾರಿಸಿ ‘ತಳಿ ದೃಢಪಟ್ಟಿಲ್ಲ’ ಎಂಬ ಮೂರನೆಯ ಸಾಲಿಗೆ ಹೋದೆ, ತರಗತಿಯಲ್ಲಿ ನನಗೇ ಅರ್ಥವಾಗದ ಪ್ಯಾರಾಗಳನ್ನು ಹಾರಿಸುವ ಹಾಗೆ. ಬೆನ್ನ ಹಿಂದೆ ನಿಂತು ಕಾಗದ ನೋಡುತ್ತಿದ್ದ ಗೀತಮ್ಮ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, “ಒಂದು ಸಾಲು ಬಿಟ್ರಿ” ಎಂದಳು. ಬಿಟ್ಟ ಸಾಲನ್ನು ಅವಳೇ ಓದಿದಳು. ನಿಧಾನವಾಗಿ, ಸ್ಪಷ್ಟವಾಗಿ, ನನ್ನ ಹುದ್ದೆಯ ಸಮೇತ.

ಗಾದೆಪ್ಪ ಚಹಾದ ಲೋಟ ಕೆಳಗಿಟ್ಟ. ನನ್ನ ಕಡೆ ನೋಡಿದ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು.

“ಮೋಸ ಅಲ್ರಿ ಸಾರ್. ನನ್ನ ರಕ್ತನ ಕೊಟ್ಟೀನಿ, ಖರೆ. ದೇವರ ದನದ ಮೈಯಿಂದ ಮನುಷ್ಯಾನ ಕೈಲೆ ಒಂದು ಹನಿ ರಕ್ತ ಬೀಳಬಾರದ್ರಿ. ನಮ್ಮಪ್ಪನ ಕಾಲದಿಂದ ಹಂಗ. ಬಿದ್ರ ನಾ ಮತ್ತ ರೊಪ್ಪದಾಗ ಕಾಲಿಡಂಗಿಲ್ಲ. ರೊಪ್ಪದ ಬಾಗಿಲಿಗೆ ಬಂದು ಕೇಳ್ದಾರನ್ನ ಬರಿಗೈಲೆ ಕಳಿಸಾಕೂ ಬರಂಗಿಲ್ಲ. ನೀವು ಕುಂಟ್ಕೋತ ಬಂಡೆ ಮ್ಯಾಲೆ ಕುಂತಿದ್ರಿ. ನಾ ಏನ್ ಮಾಡ್ಲಿ? ಕಿಲಾರಿ ಅಂದ್ರ ದನದಾಗ ಒಬ್ಬ. ಅವಕ್ಕ ಜ್ವರ ಬಂದ್ರ ನಾ ಉಪಾಸ ಇರ್ತೀನಿ, ಅವಕ್ಕ ಹರಕಿ ಇದ್ರ ನಾ ತೀರಸ್ತೀನಿ. ಅವುಗಳ ಬದ್ಲಿ ನಂದು ನಡೀತೈತಿ ಅಂತ ಮಾಡಿದ್ನಿ.”

“ನನಗೆ ಹೇಳಬಾರದಿತ್ತೇನಪ್ಪಾ?” ಎಂದು ನಾನು ಕೇಳಿದೆ. ನೋಡಿ, ಆಗಲೂ ತಪ್ಪನ್ನು ಅವನ ಕಡೆಗೇ ದೂಡುತ್ತಿದ್ದೆ.

“ನೀವು ಕೇಳ್ಲಿಲ್ಲಲ್ರಿ. ಎಲ್ಲಾ ಒಂದ ಅಂತ ಹೇಳಿದ್ನಿ, ನೀವು ಬರ್ಕೊಂಡ್ರಿ.”

ಅವನಿಗೆ ನಾನು ಜೀನೋಮ್ ಓದುವ ಕ್ರಮವನ್ನು ಆಗ, ಏಳು ತಿಂಗಳು ತಡವಾಗಿ, ವಿವರಿಸಿದೆ. ಒಂದೇ ಪುಸ್ತಕದ ನೂರಾರು ಪ್ರತಿಗಳನ್ನು ಚಿಂದಿ ಮಾಡಿ, ಚಿಂದಿಗಳನ್ನೆಲ್ಲ ಓದಿ, ಯಾವುದರ ಬಾಲ ಯಾವುದರ ತಲೆಗೆ ಕೂಡುತ್ತದೆಂದು ನೋಡಿ ಜೋಡಿಸುವುದು. ಹಾಗೆ ಓದಿದರೆ ಹಿಂಡು ಬೇರೆ ದನಗಳಿಂದ ಎಷ್ಟು ತಲೆಮಾರಿನ ಹಿಂದೆ ಬೇರೆಯಾಯಿತು, ಬಿಸಿಲು ಬರ ತಡೆಯುವ ಗುಣ ಎಲ್ಲಿ ಬರೆದಿದೆ ಎಂದೆಲ್ಲ ತಿಳಿಯುತ್ತದೆ. ಅದು ಎತ್ತಿನ ಮೈಯಲ್ಲಿ ಎಲ್ಲೆಲ್ಲಿ ಇರುತ್ತದೆ ಎಂದು ಅವನು ಕೇಳಿದ. ಎಲ್ಲ ಕಡೆ ಎಂದೆ. ಕೂದಲಿನಲ್ಲೂ ಎಂದೆ.

“ಕೂದಲಿನ್ಯಾಗೂ ಐತೇನ್ರಿ?” ಗಾದೆಪ್ಪನ ಮುಖ ನೋಡಲಾಗಲಿಲ್ಲ. “ದಿನಾ ಬೇಲಿಗೆ ಮೈ ತಿಕ್ಕತಾವು. ಮುಳ್ಳಿಗೆಲ್ಲಾ ಕೂದ್ಲ ಹತ್ತಿರ್ತಾವು. ಅದಕ್ಕೇನೂ ದೋಷಿಲ್ಲ. ಮೊದ್ಲಾ ಹೇಳಿದ್ರ ಒಂದು ಚೀಲ ತುಂಬಿ ಕೊಡ್ತಿದ್ನೆಲ್ರಿ ಸಾರ್. ನೀವು ರಕ್ತನ ಬೇಕಂದ್ರಿ.”

ಮಾನ್ಯರೇ, ನನ್ನ ಬೆಲ್ಟು, ಗಡಿಯಾರ, ಹಣದ ಚೀಲ ಅವತ್ತು ನೇತಾಡುತ್ತಿದ್ದದ್ದು ಅದೇ ಬೇಲಿಯ ಮೇಲೆ. ವಾಪಸ್ ತೆಗೆದುಕೊಂಡಾಗ ಬೆಲ್ಟಿಗೆ ಬಿಳಿಯ ಕೂದಲು ಅಂಟಿದ್ದವು. ನಾನು ಅವನ್ನು ಕೊಡವಿ ಎಸೆದು, ರಕ್ತ ತುಂಬಿದ ಡಬ್ಬಿ ಹೊತ್ತುಕೊಂಡು ಬಂದೆ. ಇದಕ್ಕಿಂತ ದೊಡ್ಡ ಪ್ರಾಣಿಶಾಸ್ತ್ರಜ್ಞ ಈ ಐದು ತಾಲ್ಲೂಕಿನಲ್ಲಿ ಹುಟ್ಟಿಲ್ಲ.

ನನ್ನ ವಿಷಯ ಸಾಕು, ಈಗ ನಿಮ್ಮ ವಿಷಯಕ್ಕೆ ಬರೋಣ. ಸಾವಿರಾರು ವರ್ಷದ ಹಿಂದೆ ಸತ್ತು ಹಿಮದಲ್ಲಿ ಹೂತಿದ್ದ ಕೂದಲಾನೆಯ ಜೀನೋಮನ್ನು ಹೋದ ವರ್ಷ ನಿಮ್ಮಲ್ಲಿರುವಂಥ ಯಂತ್ರಗಳೇ ಓದಿದವಲ್ಲ? ಓದಿದ್ದು ಯಾವುದರಿಂದ? ಅದರ ಕತ್ತಿನ ರಕ್ತನಾಳಕ್ಕೆ ಸೂಜಿ ಚುಚ್ಚಿದರೇ? ಕೂದಲಿನಿಂದ ತಾನೇ ಓದಿದ್ದು? ಸತ್ತ ಆನೆಯ ಕೂದಲು ಆಗುವುದಾದರೆ ಕೂಡ್ಲಿಗಿಯಲ್ಲಿ ನಿನ್ನೆ ಬೆಳಿಗ್ಗೆ ಬೇಲಿಗೆ ಮೈ ತಿಕ್ಕಿದ ಎತ್ತಿನ ಕೂದಲು ಯಾಕಾಗದು? ಕಡಿಮೆ ಅಧ್ಯಯನವಾದ ಪ್ರಾಣಿಗಳನ್ನು ಓದುತ್ತೇವೆ ಎಂದು ಹೊರಟವರು, ಆ ಪ್ರಾಣಿಗಳ ಜೊತೆ ಬದುಕುವ ಜನರಿಗೆ ಏನು ಕೊಡಲು ಬರುತ್ತದೆ, ಏನು ಬರುವುದಿಲ್ಲ ಎಂದು ನಮೂನೆಯಲ್ಲಿ ಒಂದು ಸಾಲು ಕೇಳಲು ಜಾಗವಿರಲಿಲ್ಲವೇ? ನನ್ನ ಹುದ್ದೆ, ಜನ್ಮದಿನಾಂಕ, ತಂದೆಯ ಹೆಸರನ್ನು ಮಾತ್ರ ಎರಡೆರಡು ಕಡೆ ಕೇಳಿದ್ದೀರಿ. ಇನ್ನು ನಿಮ್ಮ ‘ದೃಢಪಟ್ಟಿಲ್ಲ’ ಎಂಬ ಮಾತು. ನೀವು ಓದಿದ್ದು ಗಾದೆಪ್ಪನನ್ನು. ಎತ್ತನ್ನು ಓದಿಯೇ ಇಲ್ಲ. ಓದದ ಪುಸ್ತಕ ಇಲ್ಲವೇ ಇಲ್ಲ ಎಂದು ಹೇಳುವ ಧೈರ್ಯ ಪರೀಕ್ಷೆಯ ಹಿಂದಿನ ದಿನ ನನ್ನ ವಿದ್ಯಾರ್ಥಿಗಳಿಗೂ ಬರುವುದಿಲ್ಲ. ಅಮೆರಿಕದ ಹಸುವನ್ನು ಓದಿದ್ದಾಗಿದೆ, ಇಲಿಯನ್ನು ಓದಿದ್ದಾಗಿದೆ. ನಮ್ಮ ತಾಲ್ಲೂಕಿನಲ್ಲಿ ನನಗೆ ಗೊತ್ತಿರುವಂತೆ ಇದುವರೆಗೆ ನಿಮ್ಮ ಯಂತ್ರ ಓದಿದ ಜೀವಿ ಒಂದೇ, ಅದೂ ಅವನನ್ನು ಕೇಳದೆ. ಆ ಓದನ್ನು ಇಟ್ಟುಕೊಳ್ಳುವ ಹಕ್ಕು ನಿಮಗಿಲ್ಲ, ಕೊಡುವ ಹಕ್ಕು ನನಗಿರಲಿಲ್ಲ.

ಅವತ್ತು ಹೊರಡುವಾಗ ಗಾದೆಪ್ಪ ಮೆಟ್ಟಿಲಿಳಿದವನು ನಿಂತು ಒಂದು ಮಾತು ಕೇಳಿದ. ಈ ಪತ್ರ ಬರೆಯಲು ಕಾರಣ ಆ ಮಾತೇ.

“ಸಾರ್, ತಪ್ಪು ನಂದಂತ ಒಪ್ಕೊಂಡ್ರ ಕಾವಲು ಉಳೀತೈತೇನ್ರಿ? ಉಳೀತೈತಿ ಅಂದ್ರ ಹಂಗ ಇರ್ಲಿ ಬಿಡ್ರಿ. ನೀವು ನೌಕರಿ ಇರಾರು. ವಿಚಾರಣೆದಾಗ ನಾನ ಹೇಳ್ತೀನಿ, ಮೋಸ ಮಾಡೀನಿ, ದಂಡ ಹಾಕ್ರಿ, ದನ ಬಿಡ್ರಿ ಅಂತ.”

ಅವನು ಕುಹಕವಾಡುತ್ತಿರಲಿಲ್ಲ. ನನ್ನನ್ನು ನಾಚಿಸಬೇಕೆಂಬ ಉದ್ದೇಶವೂ ಇರಲಿಲ್ಲ. ಹಾಗೆ ಮಾಡಿದರೆ ನಿಜವಾಗಿ ಕೆಲಸ ಆಗುತ್ತದೋ ಇಲ್ಲವೋ ಎಂದು ತಿಳಿದವನೊಬ್ಬನನ್ನು ಕೇಳುತ್ತಿದ್ದ, ಅಷ್ಟೆ. ನಾನು ಗಟ್ಟಿಯಾಗಿ ಅತ್ತೆ ಸ್ವಾಮಿ, ಮನೆಯ ಕಟ್ಟೆಯ ಮೇಲೆ, ಓಣಿಯವರು ನೋಡುತ್ತಿದ್ದಂತೆ. ಹಾಗೆ ಆಗುವುದಿಲ್ಲ, ತಪ್ಪೊಪ್ಪಿಕೊಂಡರೆ ಕಾವಲು ಇನ್ನೂ ಬೇಗ ಹೋಗುತ್ತದೆ ಎಂದು ಎಷ್ಟು ಹೇಳಿದರೂ ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ನನ್ನ ಮಾತನ್ನು ಅವನು ಯಾಕಾದರೂ ನಂಬಬೇಕು?

ಆದ್ದರಿಂದ ನನ್ನ ಬೇಡಿಕೆ, ಅಲ್ಲ, ಆಗ್ರಹ ಹೀಗಿದೆ. ಜುಲೈನಲ್ಲಿ ನಾನು ಬರೆದುಕೊಟ್ಟ ವಿವರಣೆ ಸುಳ್ಳೆಂದು ದಾಖಲಿಸಿ ಕಡತದಿಂದ ತೆಗೆಯಿರಿ. ಹೊಣೆಯಾದವರ ಹೆಸರಿನ ಮುಂದೆ ನನ್ನ ಹೆಸರು ಬರೆಯಿರಿ. ನೌಕರಿಗೆ ಏನಾಗುತ್ತದೋ ಆಗಲಿ, ಗೀತಮ್ಮ ಒಪ್ಪಿದ್ದಾಳೆ. ಗಾದೆಪ್ಪನ ರಕ್ತದಿಂದ ಓದಿದ್ದನ್ನೆಲ್ಲ ಅಳಿಸಿ, ಅಳಿಸಿದ್ದಕ್ಕೆ ಅವನಿಗೆ ಒಂದು ಕಾಗದ ಕೊಡಿ. ಕನ್ನಡದಲ್ಲಿ ಕೊಡಿ, ನಾನು ಒಂದೂ ಸಾಲು ಬಿಡದೆ ಓದಿ ಹೇಳುತ್ತೇನೆ. ನಿಮ್ಮವರು ಒಬ್ಬರು ಬಂದು, ಚರ್ಮದ್ದೆಲ್ಲ ಹೊರಗಿಟ್ಟು, ಬೇಲಿಯ ಕೂದಲನ್ನು ತಮ್ಮದೇ ಕೈಯಿಂದ ಆರಿಸಿಕೊಂಡು ಹೋಗಿ ಯಂತ್ರಕ್ಕೆ ಹಾಕಲಿ. ಓದು ಮುಗಿಯುವವರೆಗೆ ಹಿಂಡು ಪಟ್ಟಿಯಲ್ಲಿರಲಿ. ಓದಿದ ಮೇಲೆ ಆ ದನಗಳು ಬೇರೆಲ್ಲ ದನಗಳಂತೆಯೇ ಎಂದು ಯಂತ್ರ ಹೇಳಿದರೆ ಒಪ್ಪುತ್ತೇನೆ. ಓದದೆ ಹೇಳಿದರೆ ಒಪ್ಪುವುದಿಲ್ಲ.

ಇಷ್ಟನ್ನೂ ಒಂದು ಪುಟದಲ್ಲಿ ಬರೆದು ಕಾವಲಿನ ವಿಚಾರಣೆ ಮಾಡುವ ಕಚೇರಿಗೆ ಇಪ್ಪತ್ತೊಂಬತ್ತರೊಳಗೆ ತಲುಪಿಸಬೇಕು. ಅವತ್ತು ಬೆಳಿಗ್ಗೆ ನಾನು ಅಲ್ಲಿರುತ್ತೇನೆ, ಗಾದೆಪ್ಪನೂ ಇರುತ್ತಾನೆ. ಅಧಿಕಾರಿಗಳು ಕಡತ ನೋಡಿ, ಮೋಸ ಮಾಡಿದವನು ಯಾರು ಎಂದು ಕೇಳುತ್ತಾರೆ. ನಾನು ಎದ್ದು ನಿಲ್ಲುವಷ್ಟರಲ್ಲಿ ಅವನು ಕೈ ಎತ್ತಿರುತ್ತಾನೆ. ಅವನು ಕೈ ಎತ್ತುವ ಮೊದಲು ನಿಮ್ಮ ಕಾಗದ ಅಲ್ಲಿರಲಿ.

ಇಂತಿ,
ದನವನ್ನೂ ತಿಳಿಯದ, ಮನುಷ್ಯನನ್ನೂ ತಿಳಿಯದ ಪ್ರಾಣಿಶಾಸ್ತ್ರದ ಮೇಷ್ಟ್ರು,
ಪಂಚಾಕ್ಷರಪ್ಪ
ಕೊಟ್ಟೂರು, ೧೯ ಅಕ್ಟೋಬರ್ ೨೦೦೯